ನಾಳೆ ಬೂತ್ ಡ್ಯೂಟಿ ಇದ್ಯಾ? ಹಿಂದಿನ ದಿನವೇ ಮತಗಟ್ಟೆ ರೆಡಿ ಮಾಡ್ಕೊಳೋದು ಹೀಗೆ

ಫಸ್ಟ್ ಟೈಮ್ ಪಿಆರ್‌ಓ (ಮತಗಟ್ಟೆ ಮುಖ್ಯಸ್ಥ, ಅಂದ್ರೆ ಪ್ರಿಸೈಡಿಂಗ್ ಆಫೀಸರ್) ಆರ್ಡರ್ ಕೈಗೆ ಬಂದವರು ಫೋನ್ ಮಾಡಿ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ, "ಸರ್, ವೋಟಿಂಗ್ ದಿನ ಹೆಂಗೆ ನಿಭಾಯಿಸೋದು?" ನಾನು ಹೈಸ್ಕೂಲ್ ಮೇಷ್ಟ್ರು, ಎಪಿಆರ್‌ಓ ಅಂದ್ರೆ ಪಿಆರ್‌ಓ ಸಹಾಯಕನಾಗಿ, ಆಮೇಲೆ ಪಿಆರ್‌ಓ ಆಗಿ ಸುಮಾರು ಎಲೆಕ್ಷನ್ ಮಾಡಿದೀನಿ, ನನ್ನ ಉತ್ತರನೂ ಒಂದೇ. ಮಸ್ಟರಿಂಗ್ ದಿನ (ವೋಟಿಂಗ್ ಹಿಂದಿನ ದಿನ, ಸಾಮಾನು ಹಂಚೋ ದಿನ) ಬೆಳಗ್ಗೆಯಿಂದ ಮಾರನೇ ದಿನ ಬೆಳಗ್ಗೆ 7 ಗಂಟೆ ತನಕ ನೀವು ಏನು ಮಾಡ್ಕೊಂಡಿರ್ತೀರೋ ಅದರ ಮೇಲೇ ಇಡೀ ದಿನ ನಿಂತಿರುತ್ತೆ. ಆ ಇಪ್ಪತ್ನಾಲ್ಕು ಗಂಟೆ ಕರೆಕ್ಟಾಗಿ ಆದ್ರೆ ವೋಟಿಂಗ್ ತನ್ನಷ್ಟಕ್ಕೆ ನಡ್ಕೊಂಡು ಹೋಗುತ್ತೆ. ಹಾಗಾಗಿ ಬರೀ ಅಷ್ಟರ ಬಗ್ಗೆನೇ ಬರೀತೀನಿ. ಟ್ರೈನಿಂಗ್‌ನಲ್ಲಿ ಕೊಟ್ಟ ಕೈಪಿಡಿನ ಮಾತ್ರ ಬ್ಯಾಗಲ್ಲಿ ಮೇಲ್ಗಡೆನೇ ಇಟ್ಕೊಳಿ, ರೂಲ್ಸ್ ಒಂದೊಂದು ಎಲೆಕ್ಷನ್‌ಗೂ ಸ್ವಲ್ಪ ಸ್ವಲ್ಪ ಬದಲಾಗ್ತವೆ.

ಮೊದಲು ಮಸ್ಟರಿಂಗ್ ಸೆಂಟರ್. ಸಾಮಾನ್ಯವಾಗಿ ತಾಲೂಕು ಕೇಂದ್ರದ ಯಾವುದಾದ್ರೂ ಕಾಲೇಜಲ್ಲಿ ಇರುತ್ತೆ, ಶಾಮಿಯಾನ, ಮೈಕು, ಸಾವಿರಾರು ಜನ, ಊಟದ ಕ್ಯೂ. ಅಲ್ಲಿ ಹೋದ ತಕ್ಷಣ ಟೀಮ್ ಹುಡುಕ್ಕೊಳಿ, ನೀವು, ಎಪಿಆರ್‌ಓ, ಇನ್ನಿಬ್ಬರು ಪಿಓಗಳು ಅಂದ್ರೆ ಪೋಲಿಂಗ್ ಆಫೀಸರ್‌ಗಳು. ನಾಲ್ಕೂ ಜನ ಸೇರಿದ ಮೇಲೇನೇ ಸಾಮಾನು ತಗೊಳಿ, ಒಬ್ಬರೇ ಹೋಗಿ ಸೈನ್ ಹಾಕಿ ಎತ್ಕೊಂಡು ಬರಬೇಡಿ. ಮೈಕಲ್ಲಿ "ಬಸ್ ಹೊರಡ್ತಾ ಇದೆ, ಬೇಗ ಬೇಗ" ಅಂತ ಕೂಗ್ತಾನೇ ಇರ್ತಾರೆ, ಕೂಗಲಿ. ಅಲ್ಲೇ ನೆಲದ ಮೇಲೆ ಒಂದು ಪೇಪರ್ ಹಾಸ್ಕೊಂಡು ಕೂತು ಚೆಕ್‌ಲಿಸ್ಟ್ ಹಿಡ್ಕೊಂಡು ಒಂದೊಂದೇ ಟಿಕ್ ಮಾಡಿ. ಹಳ್ಳಿಗೆ ಹೋದ ಮೇಲೆ ಮಷೀನ್ ಸೀಲ್ ಮಾಡೋ ಗ್ರೀನ್ ಪೇಪರ್ ಸೀಲ್ ಇಲ್ಲ ಅಂತ ಗೊತ್ತಾದ್ರೆ ರಾತ್ರಿ ನಿದ್ದೆ ಇರಲ್ಲ.

ಮಷೀನಲ್ಲಿ ಮೂರು ಭಾಗ ಇರುತ್ತೆ, ನಿಮ್ಮ ಟೇಬಲ್ ಕಡೆ ಇರೋ ಕಂಟ್ರೋಲ್ ಯೂನಿಟ್ ಅಂದ್ರೆ ಸಿಯು, ಮತದಾರರು ಬಟನ್ ಒತ್ತೋ ಬ್ಯಾಲೆಟ್ ಯೂನಿಟ್ ಅಂದ್ರೆ ಬಿಯು, ಮತ್ತೆ ಸ್ಲಿಪ್ ಪ್ರಿಂಟ್ ಆಗೋ ವಿವಿಪ್ಯಾಟ್. ಮೂರಕ್ಕೂ ಒಂದೊಂದು ನಂಬರ್ ಇರುತ್ತೆ, ಆ ನಂಬರ್ ನಿಮಗೆ ಕೊಟ್ಟ ಹಾಳೆಯಲ್ಲಿರೋ ನಂಬರ್‌ಗೆ, ಅಡ್ರೆಸ್ ಟ್ಯಾಗ್ ಮೇಲಿರೋ ನಿಮ್ಮ ಮತಗಟ್ಟೆ ಸಂಖ್ಯೆಗೆ ತಾಳೆ ಆಗ್ಬೇಕು. ಒಂದು ಅಂಕಿ ವ್ಯತ್ಯಾಸ ಇದ್ರೂ ಅಲ್ಲೇ ಕೌಂಟರ್‌ಗೆ ವಾಪಸ್ ಹೋಗಿ, "ಇರಲಿ ಬಿಡಿ ಸರ್" ಅಂದ್ರೆ ಒಪ್ಪಬೇಡಿ. ಬಿಯು ಮೇಲೆ ಮತಪತ್ರ ನೆಟ್ಟಗೆ ಕೂತಿದ್ಯಾ, ಅಭ್ಯರ್ಥಿ ಹೆಸರು ಚಿಹ್ನೆ ಬಟನ್ ಮೂರೂ ಒಂದೇ ಸಾಲಲ್ಲಿ ಇದಾವಾ ಅಂತ ಕಣ್ಣು ಹತ್ತಿರ ತಂದು ನೋಡಿ. ಲೋಕಸಭೆ ಆದ್ರೆ ಬಿಳಿ ಮತಪತ್ರ, ವಿಧಾನಸಭೆ ಆದ್ರೆ ಗುಲಾಬಿ ಬಣ್ಣದ್ದು. ಒಂದು ಬಿಯುನಲ್ಲಿ ನೋಟಾ ಸೇರಿ 16 ಹೆಸರು ಹಿಡಿಯುತ್ತೆ, ನಿಮ್ಮ ಕ್ಷೇತ್ರದಲ್ಲಿ ಅಭ್ಯರ್ಥಿಗಳು ಜಾಸ್ತಿ ಇದ್ರೆ ಎರಡು ಕೊಡ್ತಾರೆ, ಯಾವುದು ಒಂದನೇದು ಯಾವುದು ಎರಡನೇದು ಅಂತ ಅಲ್ಲೇ ನೋಡಿಟ್ಕೊಳಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಮಸ್ಟರಿಂಗ್ ಸೆಂಟರಲ್ಲಿ ಆಗ್ಲಿ, ರಾತ್ರಿ ಶಾಲೆಯಲ್ಲಿ ಆಗ್ಲಿ, "ಒಂದ್ಸಲ ಆನ್ ಮಾಡಿ ನೋಡೋಣ" ಅಂತ ಮಷೀನ್ ಆನ್ ಮಾಡ್ಬೇಡಿ. ಯಾರು ಎಷ್ಟೇ ಆಸೆಪಟ್ರೂ ಬೇಡ. ವಿವಿಪ್ಯಾಟ್ ಆನ್ ಆದ ತಕ್ಷಣ ತನ್ನನ್ನ ತಾನೇ ಟೆಸ್ಟ್ ಮಾಡ್ಕೊಳೋಕೆ 7 ಸ್ಲಿಪ್ ಪ್ರಿಂಟ್ ಮಾಡಿ ಬೀಳಿಸುತ್ತೆ. ಮೊದಲ ಸಲ ಆನ್ ಆಗ್ಬೇಕಾಗಿರೋದು ಅಭ್ಯರ್ಥಿಗಳ ಏಜೆಂಟರ ಎದುರಿಗೆ, ಅಣಕು ಮತದಾನದಲ್ಲಿ, ಅಂದ್ರೆ ಅಸಲಿ ವೋಟಿಂಗ್‌ಗೆ ಮುಂಚೆ ಮಷೀನ್ ಪರೀಕ್ಷೆಗೆ ಹಾಕಿ ನೋಡೋ ವೋಟಿಂಗ್‌ನಲ್ಲಿ. ಮತ್ತೆ ವಿವಿಪ್ಯಾಟ್ ಹಿಂದಗಡೆ ಒಂದು ನಾಬ್ ಇರುತ್ತೆ ನೋಡಿ, ಅದು ಅಡ್ಡಡ್ಡ ಇದ್ರೆ ಪೇಪರ್ ರೋಲ್ ಲಾಕ್ ಆಗಿದೆ, ಸಾಗಾಣಿಕೆಗೆ ರೆಡಿ ಅಂತ. ಉದ್ದುದ್ದ ಇದ್ರೆ ಕೆಲಸಕ್ಕೆ ರೆಡಿ. ಬಸ್‌ನಲ್ಲಿ ಹೋಗುವಾಗ ಅಡ್ಡಡ್ಡನೇ ಇರಬೇಕು. ತುಂಬಾ ಜನ ಬೆಳಗ್ಗೆ ಇದನ್ನ ತಿರುಗಿಸೋದೇ ಮರೆತು, ಎರರ್ ಬಂತು ಅಂತ ಸೆಕ್ಟರ್ ಆಫೀಸರ್‌ಗೆ (ಒಂದಷ್ಟು ಬೂತ್‌ಗಳ ಉಸ್ತುವಾರಿ ನೋಡೋರು) ಫೋನ್ ಮಾಡ್ತಾರೆ.

ಮಷೀನ್ ಆದ ಮೇಲೆ ಪೇಪರ್‌ಗಳು. ಮತದಾರರ ಪಟ್ಟಿಯ ಮಾರ್ಕ್ಡ್ ಕಾಪಿ (ವೋಟ್ ಹಾಕಿದವರ ಹೆಸರಿಗೆ ಗೆರೆ ಎಳೆಯೋ ಪ್ರತಿ) ನಿಮ್ಮ ಭಾಗದ್ದೇನಾ, ಪುಟ ಎಲ್ಲಾ ಇದಾವಾ, ಪೂರಕ ಪಟ್ಟಿ ಸೇರಿದ್ಯಾ. 17ಎ ರಿಜಿಸ್ಟರ್ (ವೋಟ್ ಹಾಕೋರ ವಿವರ, ಸಹಿ ತಗೊಳೋ ಪುಸ್ತಕ), 17ಸಿ ನಮೂನೆಗಳು (ಬಿದ್ದ ವೋಟಿನ ಲೆಕ್ಕ), ವೋಟರ್ ಸ್ಲಿಪ್, ಪಿಆರ್‌ಓ ಡೈರಿ, ಅಭ್ಯರ್ಥಿಗಳ ಪಟ್ಟಿ, ಏಜೆಂಟರ ಸಹಿ ನಮೂನೆ. ಟೆಂಡರ್ ಮತಪತ್ರ 20 ಕೊಡ್ತಾರೆ, ಎಣಿಸಿ ಕ್ರಮಸಂಖ್ಯೆ ಬರ್ಕೊಳಿ. ಯಾರಾದ್ರೂ ಬಂದಾಗ ಅವರ ಹೆಸರಲ್ಲಿ ಆಗ್ಲೇ ವೋಟ್ ಬಿದ್ದಿದ್ರೆ, ಬಂದಿರೋರೇ ಅಸಲಿ ಅಂತ ನಿಮಗೆ ಖಾತ್ರಿ ಆದ್ರೆ, ಅವರಿಗೆ ಮಷೀನಲ್ಲ, ಈ ಕಾಗದದ ಮತಪತ್ರನೇ ಕೊಡೋದು, ಅದಕ್ಕೆ ಬಾಣದ ಗುರುತಿನ ರಬ್ಬರ್ ಸ್ಟಾಂಪೂ ಕಿಟ್‌ನಲ್ಲಿ ಇರಬೇಕು. ಸೀಲ್‌ಗಳು ಅಂದ್ರೆ ಗ್ರೀನ್ ಪೇಪರ್ ಸೀಲ್, ಪಿಂಕ್ ಪೇಪರ್ ಸೀಲ್, ಸ್ಪೆಷಲ್ ಟ್ಯಾಗ್, ಅಡ್ರೆಸ್ ಟ್ಯಾಗ್, ಕಪ್ಪು ಕವರ್, ಪ್ಲಾಸ್ಟಿಕ್ ಡಬ್ಬಿ, ಹಿತ್ತಾಳೆ ಸೀಲು, ಅರಗು, ದಾರ. ನಿಮ್ಮ ಕಡೆಯಿಂದ ಒಂದು ಒಳ್ಳೆ ಕತ್ತರಿ, ಎರಡು ಬೆಂಕಿಪೊಟ್ಟಣ, ದಪ್ಪ ಕ್ಯಾಂಡಲ್, ಟಾರ್ಚು, ಸೆಲ್ಲೋಟೇಪು, ಕಂದು ಬಣ್ಣದ ಶೀಟು ನಾಲ್ಕೈದು ತಗೊಂಡು ಹೋಗಿ. ಶೀಟ್ ಯಾಕೆ ಅಂತ ಮುಂದೆ ಹೇಳ್ತೀನಿ.

ಸಂಜೆ ಊರು ಮುಟ್ಟಿದ ಮೇಲೆ ಬಿಎಲ್‌ಓ (ಬೂತ್ ಮಟ್ಟದ ಅಧಿಕಾರಿ), ಗ್ರಾಮ ಆಡಳಿತಾಧಿಕಾರಿ ಸಿಗ್ತಾರೆ. ಕಾಫಿ ಕುಡೀರಿ, ಆದ್ರೆ ಯಾವ ಪಾರ್ಟಿಯವರ ಮನೆ ಊಟಕ್ಕೂ ಹೋಗ್ಬೇಡಿ, ಎಷ್ಟೇ ಪ್ರೀತಿಯಿಂದ ಕರೆದ್ರೂ "ಬಿಸಿಯೂಟದ ಅಕ್ಕ ಅಡುಗೆ ಮಾಡಿದಾರೆ" ಅಂತ ಹೇಳಿ ಕಳಿಸಿ. ಇನ್ನು ಮಷೀನ್ ಒಂದು ನಿಮಿಷನೂ ಒಂಟಿಯಾಗಿ ಇರಬಾರದು, ಸ್ನಾನಕ್ಕೆ ಹೋದ್ರೂ ಟೀಮಲ್ಲಿ ಒಬ್ಬರು ಅದರ ಪಕ್ಕದಲ್ಲಿರಲಿ.

ಈಗ ರೂಮು. ಇದೇ ನನಗೆ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ನಾನು ಇದನ್ನ ಕಷ್ಟಪಟ್ಟು ಕಲ್ತಿದೀನಿ.

ನಾನು ಪಿಆರ್‌ಓ ಆದ ಮೊದಲ ಸಲ ಒಂದು ಹಳ್ಳಿ ಶಾಲೆ, ಒಳ್ಳೆ ದೊಡ್ಡ ಕೊಠಡಿ. ರಾತ್ರಿ ಹೋಗಿ ಮೂಲೆಯಲ್ಲಿ ಬೆಂಚ್ ಹಾಕಿ ವೋಟಿಂಗ್ ಕಂಪಾರ್ಟ್‌ಮೆಂಟ್ ನಿಲ್ಲಿಸಿದ್ವಿ, ಎದುರುಗಡೆ ಒಂದು ಕಿಟಕಿ, ಅರ್ಧ ಬಾಗಿಲು ಮುರಿದಿತ್ತು, ಕತ್ತಲಲ್ಲಿ ಅದೇನೂ ಸಮಸ್ಯೆ ಅನ್ನಿಸ್ಲಿಲ್ಲ. ಬೆಳಗ್ಗೆ 5.30ಕ್ಕೆ ಅಣಕು ಮತದಾನ ಚೆನ್ನಾಗೇ ಆಯ್ತು. 7ಕ್ಕೆ ವೋಟಿಂಗ್ ಶುರು. ಎಂಟು ಗಂಟೆ ಆದ ಮೇಲೆ ಆ ಕಿಟಕಿಯಿಂದ ಬಿಸಿಲು ನೇರವಾಗಿ ವಿವಿಪ್ಯಾಟ್ ಮೇಲೇ ಬಿತ್ತು, ಸ್ವಲ್ಪ ಹೊತ್ತಿಗೆ ಸಿಯುನಲ್ಲಿ ವಿವಿಪ್ಯಾಟ್ ಎರರ್ ಬಂತು. ಸೆಕ್ಟರ್ ಆಫೀಸರ್ ಬಂದು ನೋಡಿದವರೇ ಮೊದಲು ತೋರಿಸಿದ್ದು ಆ ಕಿಟಕಿನ. ವಿವಿಪ್ಯಾಟ್ ಒಳಗೆ ಸ್ಲಿಪ್ ಸರಿಯಾಗಿ ಬಿತ್ತಾ ಅಂತ ನೋಡೋ ಸೆನ್ಸರ್‌ಗಳು ಇರ್ತವೆ, ಜೋರು ಬೆಳಕು ಬಿದ್ರೆ ಅವು ಗಲಿಬಿಲಿ ಆಗ್ತವೆ. 2018ರಲ್ಲಿ ಉತ್ತರಪ್ರದೇಶದ ಕೈರಾನಾ ಉಪಚುನಾವಣೆಯಲ್ಲಿ ತುಂಬಾ ವಿವಿಪ್ಯಾಟ್ ಕೈಕೊಟ್ಟಾಗಲೂ ಚುನಾವಣಾ ಆಯೋಗ ಜಾಸ್ತಿ ಬೆಳಕಿನ ಕಾರಣ ಹೇಳಿತ್ತು. ಬೇರೆ ವಿವಿಪ್ಯಾಟ್ ತಂದು ಹಾಕಿ ಮತ್ತೆ ಶುರು ಮಾಡೋ ಹೊತ್ತಿಗೆ ಮುಕ್ಕಾಲು ಗಂಟೆ ಹೋಯ್ತು. ಕ್ಯೂನಲ್ಲಿ ಒಬ್ಬ ತಾಯಿ ಇದ್ರು, ಮಗು ಸೊಂಟದ ಮೇಲೆ, ಕೈಯಲ್ಲಿ ಬುತ್ತಿ ಗಂಟು, "ಸ್ವಾಮಿ, ಟೆಂಪೋ ಹೊರಟೋಗತ್ತೆ, ಸಾಯಂಕಾಲ ಬತ್ತೀನಿ" ಅಂತ ಹೇಳಿ ಹೋದ್ರು. ಅವರ ಚೀಟಿಯಲ್ಲಿದ್ದ ಕ್ರಮಸಂಖ್ಯೆ ನನ್ನ ಮನಸ್ಸಲ್ಲಿ ಉಳಿದಿತ್ತು. ಸಂಜೆ ಕ್ಲೋಸ್ ಬಟನ್ ಒತ್ತಿದ ಮೇಲೆ ಮಾರ್ಕ್ಡ್ ಕಾಪಿ ತೆಗೆದು ನೋಡಿದೆ, ಆ ಹೆಸರಿನ ಕೆಳಗೆ ಗೆರೆ ಬಿದ್ದಿರ್ಲಿಲ್ಲ. ಆ ದಿನದಿಂದ ನಾನು ಯಾವ ಶಾಲೆಗೆ ಹೋದ್ರೂ ಮೊದಲು ಕೇಳೋದು, "ಮೂಡಣ ಯಾವ ಕಡೆ?"

ಹಾಗಾಗಿ ನೀವೂ ಕೇಳಿ. ಬೆಳಗಿನ ಬಿಸಿಲು ಎಲ್ಲಿಂದ ಬರುತ್ತೆ, ಸಂಜೆ ನಾಲ್ಕರ ಬಿಸಿಲು ಎಲ್ಲಿಂದ ಬರುತ್ತೆ, ಎರಡೂ ಊರವರಿಗೆ ಗೊತ್ತಿರುತ್ತೆ. ಕಂಪಾರ್ಟ್‌ಮೆಂಟ್ ಆ ಎರಡರ ದಾರಿಯಲ್ಲೂ ಇರಬಾರದು, ಟ್ಯೂಬ್‌ಲೈಟ್ ಬಲ್ಬ್ ನೇರ ಕೆಳಗೂ ಬೇಡ. ಹಾಗಂತ ಕತ್ತಲೆ ಮೂಲೆಗೂ ತಳ್ಳಬೇಡಿ, ಅಜ್ಜಿಯರಿಗೆ ಚಿಹ್ನೆ ಕಾಣಬೇಕು, ಸ್ಲಿಪ್ ಗಾಜಿನ ಹಿಂದೆ ಇರೋದೇ 7 ಸೆಕೆಂಡು. ಕಿಟಕಿ ಹತ್ತಿರ ಇಟ್ರೆ ಹೊರಗಿಂದ ಇಣುಕೋರು ಇರ್ತಾರೆ, ಅದಕ್ಕೇ ಆ ಕಂದು ಶೀಟು, ಹತ್ತಿರದ ಕಿಟಕಿಗೆಲ್ಲಾ ಅಂಟಿಸಿಬಿಡಿ. ನ್ಯೂಸ್‌ಪೇಪರ್ ಮಾತ್ರ ಅಂಟಿಸಬೇಡಿ, ಅದರಲ್ಲಿ ಯಾರಾದ್ರೂ ನಾಯಕರ ಫೋಟೋ ಇದ್ದೇ ಇರುತ್ತೆ, ಬೆಳಗ್ಗೆ ಏಜೆಂಟ್ ಬಂದು ಆಬ್ಜೆಕ್ಷನ್ ಎತ್ತುತಾರೆ, ಎತ್ತೋದು ಸರಿನೇ.

ಅದೇ ಲೆಕ್ಕದಲ್ಲಿ ಗೋಡೆಗಳನ್ನೂ ನೋಡಿ. ನಲಿಕಲಿ ಕೊಠಡಿ ಆದ್ರೆ ಅಕ್ಷರಮಾಲೆ ಚಾರ್ಟ್ ಇರುತ್ತೆ, 'ಕ' ಪಕ್ಕದಲ್ಲಿ ಕಮಲದ ಚಿತ್ರ, ಇನ್ನೊಂದು ಕಡೆ ದೇಹದ ಭಾಗಗಳು ಅಂತ ದೊಡ್ಡದಾಗಿ ಕೈ ಚಿತ್ರ. ಮಕ್ಕಳಿಗೆ ಅದು ಪಾಠ, ನಾಳೆ ಒಂದು ದಿನಕ್ಕೆ ಮಾತ್ರ ಅದು ಚುನಾವಣಾ ಚಿಹ್ನೆ. ಅಭ್ಯರ್ಥಿಗಳ ಪಟ್ಟಿ ಕೈಯಲ್ಲಿ ಹಿಡ್ಕೊಂಡು ಪ್ರತಿ ಚಿಹ್ನೆನೂ ನೋಡ್ತಾ ರೂಮ್ ಒಂದು ಸುತ್ತು ಬನ್ನಿ, ಪಕ್ಷೇತರರ ಚಿಹ್ನೆಗಳನ್ನೂ ಬಿಡಬೇಡಿ, ಬ್ಯಾಟು, ಫ್ಯಾನು, ಟೆಲಿವಿಷನ್ ಏನು ಬೇಕಾದ್ರೂ ಇರಬಹುದು. ಇದ್ದಿದ್ದಕ್ಕೆ ಶೀಟ್ ಮುಚ್ಚಿ, ಕೀಳಬೇಡಿ, ಹರೀಬೇಡಿ, ಆ ಟೀಚರ್ ಕೈಯಾರೆ ಬರೆದಿರ್ತಾರೆ.

ಟೇಬಲ್‌ಗಳ ಸಾಲು ಹೀಗೆ. ಮತದಾರರು ಒಳಗೆ ಬಂದ ತಕ್ಷಣ ಎಪಿಆರ್‌ಓ (ಅವರೇ ಮೊದಲನೇ ಪಿಓ), ಅವರ ಹತ್ರ ಮಾರ್ಕ್ಡ್ ಕಾಪಿ, ಹೆಸರು ಕ್ರಮಸಂಖ್ಯೆ ಜೋರಾಗಿ ಓದ್ತಾರೆ, ಏಜೆಂಟರು ಅವರ ಹಿಂದೆ ಕೂತಿರ್ತಾರೆ, ಮುಖನೂ ಕಾಣಬೇಕು ಹೆಸರೂ ಕೇಳಬೇಕು. ಎರಡನೇ ಪಿಓ ಹತ್ರ ಶಾಯಿ, 17ಎ ರಿಜಿಸ್ಟರ್, ವೋಟರ್ ಸ್ಲಿಪ್. ಮೂರನೇ ಪಿಓ ಹತ್ರ ಸಿಯು, ಸ್ಲಿಪ್ ಈಸ್ಕೊಂಡು, ಬೆರಳಲ್ಲಿ ಶಾಯಿ ನೋಡಿ, ಬ್ಯಾಲೆಟ್ ಬಟನ್ ಒತ್ತೋದು. ಬಾಗಿಲು ಎರಡಿದ್ರೆ ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗಲಿ, ಒಂದೇ ಇದ್ರೆ ಮಧ್ಯೆ ಹಗ್ಗ ಕಟ್ಟಿ. ಕೇಬಲ್ 5 ಮೀಟರ್ ಇರುತ್ತೆ, ಅದನ್ನ ಲೆಕ್ಕ ಹಾಕಿ ಸಿಯು ಟೇಬಲ್ ಇಡಿ. ಕೇಬಲ್ ಎಲ್ಲರ ಕಣ್ಣಿಗೂ ಕಾಣ್ಬೇಕು ಆದ್ರೆ ಯಾರ ಕಾಲಿಗೂ ಸಿಗಬಾರದು, ನಾನು ನೆಲಕ್ಕೆ ಸೆಲ್ಲೋಟೇಪ್ ಹಾಕಿ ಗೋಡೆ ಅಂಚಲ್ಲಿ ತಗೊಂಡು ಹೋಗ್ತೀನಿ. ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇದ್ರೆ ಅದರ ಹಿಂದೆ ನಿಂತು ನೋಡಿ, ಬಿಯು ಮೇಲಿನ ಭಾಗ ಅದಕ್ಕೆ ಕಾಣಲೇಬಾರದು. ವೀಲ್‌ಚೇರ್ ಕಂಪಾರ್ಟ್‌ಮೆಂಟ್ ತನಕ ತಿರುಗುತ್ತಾ ಅಂತ ನಿಜವಾಗಿ ಒಂದ್ಸಲ ತಳ್ಕೊಂಡು ಹೋಗಿ ನೋಡಿ, ಕಣ್ಣಳತೆ ಸಾಲಲ್ಲ. ರ‍್ಯಾಂಪ್, ನೀರು, ಟಾಯ್ಲೆಟ್ ಬೀಗದ ಕೈ, ಕ್ಯೂಗೆ ನೆರಳು, ಇದೆಲ್ಲ ಬಿಎಲ್‌ಓ ಇರುವಾಗ್ಲೇ ಮುಗಿಸ್ಕೊಳಿ. ಮಷೀನ್ ಬ್ಯಾಟರಿಯಲ್ಲೇ ಓಡುತ್ತೆ, ಕರೆಂಟ್ ಹೋದ್ರೆ ತೊಂದರೆ ಇಲ್ಲ, ಲೈಟ್‌ಗೆ ಮಾತ್ರ ಬದಲಿ ವ್ಯವಸ್ಥೆ ಇರಲಿ.

ಶಾಯಿ ಬಾಟ್ಲಿ ವಿಷಯ ಚಿಕ್ಕದು ಅನ್ಸುತ್ತೆ, ಚಿಕ್ಕದಲ್ಲ. ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ತಯಾರಾಗೋದು, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಕಾರ್ಖಾನೆ, 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಅಲ್ಲಿಂದಲೇ ಶಾಯಿ ಹೋಗ್ತಿದೆ, ಆ ಪುಟ್ಟ ಬಾಟ್ಲಿ ಕೈಗೆ ತಗೊಂಡಾಗೆಲ್ಲ ನನಗೆ ಹೆಮ್ಮೆ ಆಗುತ್ತೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತೆ, ಟೇಬಲ್ ಮೇಲೆ ಚೆಲ್ಲಿದ್ರೆ ಹೋಗಲ್ಲ, ರಿಜಿಸ್ಟರ್ ಮೇಲೆ ಚೆಲ್ಲಿದ್ರಂತೂ ಮುಗೀತು. ಒಂದು ಲೋಟಕ್ಕೋ ತೆಂಗಿನ ಚಿಪ್ಪಿಗೋ ಮರಳು ತುಂಬಿ ಬಾಟ್ಲಿನ ಅದರಲ್ಲಿ ಮುಕ್ಕಾಲು ಭಾಗ ಹೂತಿಡಿ, ಕೈ ತಗುಲಿದ್ರೂ ಉರುಳಲ್ಲ. ಮರಳು ರಾತ್ರಿನೇ ತಂದಿಟ್ಕೊಳಿ. ಬೆರಳಿಗೆ ಎಣ್ಣೆ ಹಚ್ಕೊಂಡು ಬಂದವರಿಗೆ ಒರೆಸೋಕೆ ಒಂದು ಬಟ್ಟೆ ಪಕ್ಕದಲ್ಲಿರಲಿ.

ಪಂಚಾಯ್ತಿ ಎಲೆಕ್ಷನ್ ಡ್ಯೂಟಿಗೆ ಹೋಗೋರಿಗೆ ಒಂದೆರಡು ಮಾತು. ಅದು ರಾಜ್ಯ ಚುನಾವಣಾ ಆಯೋಗ ನಡೆಸೋದು, ಅಲ್ಲಿ ಹೆಚ್ಚಾಗಿ ಕಾಗದದ ಮತಪತ್ರ, ಮತಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳ ತೆಗೆದು ಹಾಕೋದನ್ನ ಮಸ್ಟರಿಂಗ್‌ನಲ್ಲೇ ನಾಲ್ಕು ಸಲ ಮಾಡಿ ನೋಡಿ, ತುಕ್ಕು ಹಿಡಿದಿದ್ರೆ ಬದಲಾಯಿಸ್ಕೊಳಿ. ಮತಪತ್ರದ ಕಟ್ಟು ಪ್ರತಿಯೊಂದನ್ನೂ ಎಣಿಸಿ, ಕ್ರಮಸಂಖ್ಯೆ ಬಿಟ್ಟುಹೋಗಿದ್ಯಾ, ಒಂದೇ ನಂಬರ್ ಎರಡು ಸಲ ಬಂದಿದ್ಯಾ ನೋಡಿ, ಒಂದೇ ಊರಲ್ಲಿ ಬೇರೆ ಬೇರೆ ವಾರ್ಡ್‌ದು ಇರೋದ್ರಿಂದ ವಾರ್ಡ್‌ವಾರು ಬೇರೆ ಬೇರೆ ಕವರಲ್ಲಿಡಿ. ಹಿಂದಗಡೆ ಹಾಕೋ ಸಹಿನ ಎಲ್ಲದಕ್ಕೂ ರಾತ್ರಿನೇ ಹಾಕಿಡಬೇಡಿ, ಸಹಿ ಹಾಕಿ ಉಳಿದಿದ್ದಕ್ಕೆ ಆಮೇಲೆ ಲೆಕ್ಕ ಕೊಡೋದು ಕಷ್ಟ.

ರಾತ್ರಿ ಊಟ ಆದ ಮೇಲೆ ಮಲಗೋ ಮುಂಚೆ ಒಂದೆರಡು ಗಂಟೆ ಬರವಣಿಗೆ. ಕವರ್‌ಗಳ ಮೇಲೆ ಕ್ಷೇತ್ರದ ಹೆಸರು, ಮತಗಟ್ಟೆ ಸಂಖ್ಯೆ, ದಿನಾಂಕ ಎಲ್ಲ ಬರ್ದು, ಯಾವ ಕವರ್ ಯಾವ ದೊಡ್ಡ ಕವರ್ ಒಳಗೆ ಹೋಗುತ್ತೋ ಹಾಗೇ ಜೋಡಿಸಿ. ನಮೂನೆಗಳಲ್ಲಿ ಅಂಕಿ ಮತ್ತು ಸಹಿ ಬಿಟ್ಟು ಉಳಿದ ತಲೆಬರಹ ಎಲ್ಲ ತುಂಬಿಡಿ. ಅಂಕಿ ಮಾತ್ರ ಯಾವುದನ್ನೂ ಮುಂಚೆನೇ ಬರೀಬೇಡಿ. ಹೊರಗಡೆ ಮತಗಟ್ಟೆ ವ್ಯಾಪ್ತಿಯ ನೋಟಿಸು, ಅಭ್ಯರ್ಥಿಗಳ ಪಟ್ಟಿ, ಮತದಾರರಿಗೆ ಮಾಹಿತಿ ಕೊಡೋ ಪೋಸ್ಟರ್‌ಗಳನ್ನ ಅಂಟಿಸಿ. ಏಜೆಂಟರಿಗೆ ಊರಲ್ಲೇ ಹೇಳಿ ಕಳಿಸಿ, 5.15ಕ್ಕೆಲ್ಲಾ ಬಂದುಬಿಡಿ ಅಂತ, ಆಯೋಗದ ಲೆಕ್ಕದಲ್ಲಿ ವೋಟಿಂಗ್ ಶುರುವಾಗೋಕೆ 90 ನಿಮಿಷ ಮುಂಚೆ ಅಣಕು ಮತದಾನ.

ಬೆಳಗ್ಗೆ. ಸಿಯು ಸ್ವಿಚ್ ಆಫ್ ಇರುವಾಗ್ಲೇ ಕೇಬಲ್ ಹಾಕ್ಬೇಕು, ತೆಗೀಬೇಕಾದ್ರೂ ಆಫ್ ಮಾಡೇ ತೆಗೀಬೇಕು. ಬಿಯು ಕೇಬಲ್ ವಿವಿಪ್ಯಾಟ್‌ಗೆ, ವಿವಿಪ್ಯಾಟ್ ಕೇಬಲ್ ಸಿಯುಗೆ. ಎರಡು ಬಿಯು ಇದ್ರೆ ಎರಡನೇದು ಮೊದಲನೇದಕ್ಕೆ. ನಾಬ್ ಉದ್ದುದ್ದ ತಿರುಗಿಸಿ. ಕನಿಷ್ಠ ಇಬ್ಬರು ಏಜೆಂಟರು ಇರಬೇಕು, ಇಲ್ಲ ಅಂದ್ರೆ 15 ನಿಮಿಷ ಕಾಯಿರಿ, ಆಮೇಲೂ ಬರ್ಲಿಲ್ಲ ಅಂದ್ರೆ ಶುರು ಮಾಡಿ, ಅದನ್ನ ಅಣಕು ಮತದಾನದ ಸರ್ಟಿಫಿಕೇಟ್‌ನಲ್ಲಿ ಬರೀರಿ. ಮೊದಲು ಸಿಯುನಲ್ಲಿ ಸೊನ್ನೆ ಇರೋದು, ವಿವಿಪ್ಯಾಟ್ ಡಬ್ಬಿ ಖಾಲಿ ಇರೋದು ತೋರಿಸಿ. ಆಮೇಲೆ ಕನಿಷ್ಠ 50 ವೋಟು, ನೋಟಾ ಸೇರಿ ಪ್ರತಿ ಅಭ್ಯರ್ಥಿಗೂ ಬೀಳಲೇಬೇಕು. ಒಬ್ಬರು ಹಾಳೆ ಇಟ್ಕೊಂಡು ಯಾರಿಗೆ ಎಷ್ಟು ಅಂತ ಗೆರೆ ಎಳೀತಾ ಹೋಗಲಿ. ಇಲ್ಲೇನಾದ್ರೂ ಒಂದು ಯೂನಿಟ್ ಕೆಟ್ರೆ ಅದೊಂದನ್ನ ಮಾತ್ರ ಬದಲಾಯಿಸಿದ್ರೆ ಸಾಕು. ವೋಟಿಂಗ್ ಶುರುವಾದ ಮೇಲೆ ಸಿಯು ಅಥವಾ ಬಿಯು ಕೆಟ್ರೆ ಮಾತ್ರ ಪೂರ್ತಿ ಸೆಟ್ ಬದಲಾಗಬೇಕು, ವಿವಿಪ್ಯಾಟ್ ಒಂದೇ ಕೆಟ್ರೆ ವಿವಿಪ್ಯಾಟ್ ಒಂದೇ.

50 ಆಯ್ತಾ, ಈಗ ಮೂರು ಬಟನ್, ಇದೇ ಕ್ರಮದಲ್ಲಿ: ಕ್ಲೋಸ್, ರಿಸಲ್ಟ್, ಕ್ಲಿಯರ್. ಟ್ರೈನಿಂಗಲ್ಲಿ ಸಿಆರ್‌ಸಿ ಅಂತ ಹೇಳ್ಕೊಟ್ಟಿರ್ತಾರೆ. ರಿಸಲ್ಟ್ ಬಂದಾಗ ಹಾಳೆಯ ಲೆಕ್ಕ, ವಿವಿಪ್ಯಾಟ್ ಸ್ಲಿಪ್‌ಗಳ ಲೆಕ್ಕ ಎರಡಕ್ಕೂ ತಾಳೆ ನೋಡಿ, ಏಜೆಂಟರಿಗೆ ತೋರಿಸಿ. ಕ್ಲಿಯರ್ ಆದ ಮೇಲೆ ಟೋಟಲ್ ಬಟನ್ ಒತ್ತಿ ಸೊನ್ನೆ ತೋರಿಸಿ. ಕ್ಲಿಯರ್ ಮಾಡೋದನ್ನ ಮರೆತ್ರೆ ಅಣಕು ವೋಟುಗಳು ಅಸಲಿ ವೋಟಿನ ಜೊತೆ ಸೇರಿಬಿಡ್ತವೆ, ಎಣಿಕೆ ದಿನ ಆ ಮಷೀನ್ ಪಕ್ಕಕ್ಕೆ ಇಡಬೇಕಾಗುತ್ತೆ, ನಿಮ್ಮ ಊರಿನ ಸಾವಿರ ಜನರ ವೋಟು ಅನುಮಾನದಲ್ಲಿ ಸಿಕ್ಕಿಹಾಕ್ಕೊಳುತ್ತೆ. ಎಪಿಆರ್‌ಓಗೆ ಹೇಳಿಟ್ಟಿರಿ, "ಕ್ಲಿಯರ್ ಆಯ್ತಾ ಸರ್, ಸ್ಲಿಪ್ ತೆಗೆದ್ರಾ ಸರ್" ಅಂತ ಬಾಯಿಬಿಟ್ಟು ಕೇಳೋದು ಅವರ ಕೆಲಸ ಅಂತ. ಗಡಿಬಿಡಿಯಲ್ಲಿ ಇನ್ನೊಬ್ಬರ ದನಿ ಬೇಕು.

ಸ್ಲಿಪ್‌ಗಳು ಮಷೀನಿನ ಅಂಕಿಯಷ್ಟೇ ಮುಖ್ಯ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಚೀಟಿ ಎತ್ತಿ 5 ವಿವಿಪ್ಯಾಟ್‌ಗಳ ಸ್ಲಿಪ್ ಎಣಿಸ್ತಾರೆ, ಅದರಲ್ಲಿ ನಿಮ್ಮದೂ ಬರಬಹುದು. ಮೊದಲು ಬಿದ್ದ ಆ 7 ಟೆಸ್ಟ್ ಸ್ಲಿಪ್ಪೂ ಸೇರಿ ಎಲ್ಲಾ ಹೊರಗೆ ತೆಗೀರಿ, ಡಬ್ಬಿ ಒಳಗೆ ಟಾರ್ಚ್ ಬಿಟ್ಟು ಏಜೆಂಟರಿಗೆ ತೋರಿಸಿ, ಒಂದು ಸ್ಲಿಪ್ ಮೂಲೆಯಲ್ಲಿ ಅಂಟ್ಕೊಂಡಿರೋದನ್ನ ನಾನೇ ಕಂಡಿದೀನಿ. ಪ್ರತಿ ಸ್ಲಿಪ್ ಹಿಂದೆ ಮಾಕ್ ಪೋಲ್ ಸ್ಟಾಂಪ್ ಒತ್ತಿ, ಕಪ್ಪು ಕವರಿಗೆ ಹಾಕಿ ಸೀಲ್ ಮಾಡಿ, ನೀವೂ ಏಜೆಂಟರೂ ಸಹಿ ಮಾಡಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಸುತ್ತ ಪಿಂಕ್ ಪೇಪರ್ ಸೀಲ್. ಆಮೇಲೆ ಅಣಕು ಮತದಾನದ ಸರ್ಟಿಫಿಕೇಟ್‌ಗೆ ಸಹಿ.

ಈಗ ಸಿಯು ಆಫ್ ಮಾಡಿ ಸೀಲಿಂಗ್. ಗ್ರೀನ್ ಪೇಪರ್ ಸೀಲ್‌ನ ಬಿಳಿ ಬದಿಯಲ್ಲಿ ನೀವು ಸಹಿ ಮಾಡಿ, ಇಷ್ಟಪಟ್ಟ ಏಜೆಂಟರದ್ದೂ ಹಾಕಿಸಿ, ಅದರ ಕ್ರಮಸಂಖ್ಯೆ ಅವರಿಗೆ ಬರ್ಕೊಳೋಕೆ ಹೇಳಿ, ರಿಸಲ್ಟ್ ಭಾಗದ ಒಳಬಾಗಿಲಿಗೆ ಹಾಕಿ, ಸ್ಪೆಷಲ್ ಟ್ಯಾಗ್‌ನಲ್ಲಿ ಸಿಯು ನಂಬರ್ ಬರೆದು ಕಟ್ಟಿ, ಹೊರಬಾಗಿಲಿಗೆ ಅಡ್ರೆಸ್ ಟ್ಯಾಗ್. ವಿವಿಪ್ಯಾಟ್ ಡಬ್ಬಿಗೂ ಅಡ್ರೆಸ್ ಟ್ಯಾಗ್ ಹಾಕಿ ಅರಗು. ಅರಗು ಹಾಕುವಾಗ ಫ್ಯಾನ್ ಆಫ್ ಮಾಡಿ, ಇಲ್ಲ ಅಂದ್ರೆ ಕ್ಯಾಂಡಲ್ ಆರಿ ಆರಿ ಹತ್ತು ನಿಮಿಷ ಅಲ್ಲೇ ಹೋಗುತ್ತೆ. ಅರಗಿನ ಹನಿ ಮಷೀನ್ ಮೈಮೇಲೆ ಬೀಳದ ಹಾಗೆ ಟ್ಯಾಗ್ ಕೆಳಗೆ ಒಂದು ಗಟ್ಟಿ ರಟ್ಟು ಹಿಡ್ಕೊಳಿ.

6.50ಕ್ಕೆ ಎಲ್ಲ ಮುಗಿದಿರಬೇಕು. ಮತದಾನದ ಗೌಪ್ಯತೆ ಕಾಪಾಡೋ ವಿಷಯ ಎಲ್ಲರಿಗೂ ಕೇಳೋ ಹಾಗೆ ಓದಿ, ಘೋಷಣೆಗೆ ಸಹಿ ಮಾಡಿ, ಸಿಯು ಮತ್ತೆ ಆನ್ ಮಾಡಿ ಟೋಟಲ್ ಒತ್ತಿ, ಸೊನ್ನೆ ಇರೋದನ್ನ ಏಜೆಂಟರಿಗೆ ಇನ್ನೊಂದ್ಸಲ ತೋರಿಸಿ, 17ಎ ರಿಜಿಸ್ಟರ್‌ನ ಮೊದಲಲ್ಲೇ "ಕಂಟ್ರೋಲ್ ಯೂನಿಟ್‌ನಲ್ಲಿ ಒಟ್ಟು ಸೊನ್ನೆ ಇರುವುದನ್ನು ಪರಿಶೀಲಿಸಲಾಗಿದೆ" ಅಂತ ಬರೆದು ಸಹಿ ಹಾಕಿ, ಏಜೆಂಟರದ್ದೂ ಹಾಕಿಸಿ. ನಿಮ್ಮ ಹತ್ರ ಇಡಿಸಿ (ಡ್ಯೂಟಿ ಬೂತಲ್ಲೇ ವೋಟ್ ಹಾಕೋಕೆ ಕೊಡೋ ಸರ್ಟಿಫಿಕೇಟ್) ಇದ್ರೆ ನಿಮ್ಮ ವೋಟೂ ಇದೇ ಬೂತಲ್ಲಿ, ಮಧ್ಯೆ ಬಿಡುವಾದಾಗ ಮರೀದೆ ಹಾಕಿ. 7 ಹೊಡೆದ ತಕ್ಷಣ ಬಾಗಿಲು ತೆಗೆದು ಕ್ಯೂನಲ್ಲಿ ಮೊದಲು ನಿಂತಿರೋರನ್ನ ಒಳಗೆ ಕರೀರಿ, ಬೀಪ್ ಶಬ್ದ ಕೇಳಿಸಿದ ಮೇಲೆ ಡೈರಿಯಲ್ಲಿ ಟೈಮ್ ಬರ್ಕೊಳಿ.